ಕುದುರೆಯ ಬಾಯಿಗೆ ತಕ್ಕ ಕಡಿವಾಣ

ಸಂತ ಯಕೋಬರ ಪತ್ರದ 3ನೇ ಅಧ್ಯಾಯದಲ್ಲಿ ನಾಲಿಗೆಯ ವಿಷಯ ಹೇಳುವಾಗ ಕಡಿವಾಣದ ಹೋಲಿಕೆ ಬರುವುದನ್ನು ಓದಿದ್ದೇವೆ. ಆದರೆ ಕಡಿವಾಣವು ಬಾಯೊಳಗೆ ಏನು ಮಾಡುತ್ತದೆಂಬುದು ಬಹುಮಂದಿಗೆ ತಿಳಿಯದು. ಊಟಿಯಲ್ಲಿ ಸವಾರಿಯ ಕುದುರೆಗಳನ್ನು ದಿನವೂ ಕಾಣುವ ನಮಗೆ, ಇಂಗ್ಲಿಷ್ ಪದ್ಧತಿಯ ಸವಾರಿ ಕಲಿಯುವ ಮಕ್ಕಳಿರುವ ಮನೆಯವರಿಗಂತೂ, ಇದು ತಿಳಿದಿರುವುದು ಒಳ್ಳೆಯದು.

ಕುದುರೆಯ ಮುಂಭಾಗದ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಬರಿಯ ವಸಡಿನ ಜಾಗವೊಂದಿದೆ. ಕಡಿವಾಣ ಕೂರುವುದು ಅಲ್ಲಿ. ತೆಳುವಾದ ಆ ವಸಡಿನ ಕೆಳಗೆ ನೇರವಾಗಿ ಎಲುಬು. ಆದ್ದರಿಂದ ಲಗಾಮು ಜಗ್ಗಿದಾಗ ನೋವು ಎಲುಬಿಗೇ ಮುಟ್ಟುತ್ತದೆ. ನಾಲಿಗೆ, ತುಟಿಯ ಅಂಚುಗಳೂ ಒತ್ತಡ ತಾಳಬೇಕು.

ಕಲಿಯುವವರಿಗೆ ಸ್ನ್ಯಾಫಲ್ ಸಾಕು. ಇದರಲ್ಲಿ ಲಗಾಮಿನ ಎಳೆತವೆಷ್ಟೋ ಬಾಯಿಗೆ ಬೀಳುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಪೆಲ್ಹಮ್ ಮುಂತಾದವುಗಳಿಗೆ ಉದ್ದನೆಯ ಕಾಲುಗಳೂ ಗದ್ದದಡಿಯ ಸರಪಳಿಯೂ ಇವೆ. ಅವು ಸನ್ನೆಗೋಲಿನಂತೆ ಕೆಲಸ ಮಾಡಿ ಸಣ್ಣ ಎಳೆತವನ್ನೂ ದೊಡ್ಡದಾಗಿಸುತ್ತವೆ, ನೆತ್ತಿಯ ಮೇಲೂ ಒತ್ತುತ್ತವೆ. ಕೈ ಇನ್ನೂ ಸ್ಥಿರವಾಗದ ಮಗುವಿಗೆ ಇದನ್ನು ಕೊಡುವುದು ನನಗೆ ಸರಿಕಾಣದು. ದಪ್ಪ ಕಡಿವಾಣ ಮೃದು ಎನ್ನುವ ಮಾತೂ ಪೂರ್ತಿ ನಿಜವಲ್ಲ. ಬಾಯಿ ಚಿಕ್ಕದು, ನಾಲಿಗೆ ದಪ್ಪ ಇದ್ದರೆ ಅದಕ್ಕೆ ಜಾಗವೇ ಇರುವುದಿಲ್ಲ.

ಅಳತೆ ಹೀಗೆ: ನಯವಾದ ಕೋಲೊಂದನ್ನು ಬಾಯಿಗೆ ಅಡ್ಡ ಹಿಡಿದು, ತುಟಿಯ ಎರಡು ಕೊನೆಗಳಲ್ಲಿ ಗುರುತು ಮಾಡಿ ಅಳೆಯಿರಿ. ಉಂಗುರ ಸಡಿಲವಾಗಿ ತಿರುಗುವ ಸ್ನ್ಯಾಫಲ್‌ಗೆ ಪ್ರತಿ ಬದಿಗೂ ಸುಮಾರು ಕಾಲು ಇಂಚು ಬಿಡಬೇಕು, ಇಲ್ಲವಾದರೆ ತುಟಿ ಚಿವುಟಿಕೊಳ್ಳುತ್ತದೆ. ಉಂಗುರ ಅಲುಗದ ಎಗ್‌ಬಟ್‌ಗೆ ಅಷ್ಟು ಬೇಡ. ತೀರಾ ಅಗಲವಾದದ್ದು ಬಾಯಲ್ಲಿ ಅತ್ತಿತ್ತ ಜಾರುತ್ತದೆ. ತೊಡಿಸಿದ ಮೇಲೆ ತುಟಿಯ ಮೂಲೆಯಲ್ಲಿ ಒಂದೆರಡು ಸುಕ್ಕು ಕಂಡರೆ ಎತ್ತರ ಸರಿ ಎನ್ನುವುದು ವಾಡಿಕೆ. ಆದರೂ ಸುಕ್ಕನ್ನೇ ನಂಬದೆ, ಅದು ಹಲ್ಲಿಗೆ ತಾಗುತ್ತದೆಯೇ ಎಂದು ನೋಡಿ.

ಕುದುರೆ ತಲೆ ಎತ್ತಿ ಒದರಿದರೆ, ಬಾಯಿ ತೆರೆದರೆ, ನಿಲ್ಲದೆ ಓಡಿದರೆ ಇನ್ನೂ ಬಿರುಸಾದ ಕಡಿವಾಣ ತರಲು ಹೊರಡುವವರೇ ಹೆಚ್ಚು. ಓಟಕ್ಕೆ ನೋವೇ ಕಾರಣವಿದ್ದೀತು. ಹಾಗಿದ್ದಲ್ಲಿ ಹೊಸ ಕಡಿವಾಣ ನೋವಿನ ಮೇಲೆ ನೋವು. ಮೊದಲು ಪಶುವೈದ್ಯರಿಂದ ಹಲ್ಲು ನೋಡಿಸಿ; ಚೂಪಾದ ಹಲ್ಲಿನಂಚು ಕೆನ್ನೆಯನ್ನು ಕೊರೆಯುತ್ತಿರಬಹುದು. ಜೀನು ಬೆನ್ನನ್ನು ಒತ್ತುತ್ತಿದೆಯೇ ನೋಡಿ. ಸವಾರನ ಕೈಯನ್ನೂ ನೋಡಿ: ತೋಲ ತಪ್ಪಿದಾಗಲೆಲ್ಲ ಲಗಾಮಿಗೇ ಜೋತುಬಿದ್ದರೆ ಎಂಥ ಮೆದು ಕಡಿವಾಣವೂ ಕ್ರೂರವೇ. ಕುದುರೆ ಮಾತು ಕೇಳಿದ ಕ್ಷಣವೇ ಕೈ ಸಡಿಲಿಸಬೇಕು. ಕೇಳಿದ್ದು ಸರಿಯಾಯಿತೆಂದು ಅದಕ್ಕೆ ತಿಳಿಯುವುದು ಆ ಸಡಿಲಿಕೆಯಿಂದ.

ನಮ್ಮ ಬೆಟ್ಟದ ಚಳಿಯಲ್ಲಿ ಕಬ್ಬಿಣ ಮಂಜಿನಂತಿರುತ್ತದೆ. ತೊಡಿಸುವ ಮುನ್ನ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ಹಲ್ಲಿಗೆ ಬಡಿದು ಬಾಯಿ ತೆರೆಸಬೇಡಿ. ಹಲ್ಲಿಲ್ಲದ ಆ ಮೂಲೆಯಲ್ಲಿ ಹೆಬ್ಬೆರಳಿಟ್ಟರೆ ಕುದುರೆ ತಾನಾಗಿ ತೆರೆಯುತ್ತದೆ. ಸವಾರಿ ಮುಗಿದೊಡನೆ ಬರಿ ನೀರಲ್ಲಿ ತೊಳೆದು, ಕೀಲು ಸವೆದು ಅಂಚು ಚೂಪಾಗಿದೆಯೇ ಎಂದು ಬೆರಳಾಡಿಸಿ ನೋಡಿ. ಚೂಪಾಗಿದ್ದರೆ ಅದನ್ನು ಮತ್ತೆ ಬಳಸಬೇಡಿ.