ಹೊಲಿಗೆ ಹಾರಿದರೆ ಮೊದಲು ಸೂಜಿ ನೋಡಿ

ಚರ್ಮದ ಬ್ಯಾಗಿನ ಪಟ್ಟಿಯ ಎರಡು ಪದರ ಸೇರುವಲ್ಲಿ ಹೊಲಿಗೆ ಹಾರುತ್ತಿದೆ, ಹುಕ್ಕಿನ ಟೈಮಿಂಗ್ ಬದಲಿಸಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಒಂದು ಪದರದಲ್ಲಿ ಒಂದೂ ಹೊಲಿಗೆ ತಪ್ಪುವುದಿಲ್ಲವೆಂದು ನೀವೇ ಬರೆದಿದ್ದೀರಲ್ಲ; ಟೈಮಿಂಗ್ ಪೂರಾ ಕೆಟ್ಟಿದ್ದರೆ ಅಲ್ಲೂ ಹಾರಬೇಕಿತ್ತು. ಸೂಜಿ ತಳ ಮುಟ್ಟಿ ಸುಮಾರು 2 ಮಿ.ಮೀ. ಮೇಲೇಳುವಾಗ ದಾರ ಪಕ್ಕಕ್ಕೆ ಉಬ್ಬಿ ಪುಟ್ಟ ಕುಣಿಕೆಯಾಗುತ್ತದೆ. ಹುಕ್ಕಿನ ಮೊನೆ ಹಿಡಿಯುವುದು ಅದನ್ನೇ. ದಪ್ಪ ಚರ್ಮ ಸೂಜಿಯನ್ನು ಕಚ್ಚಿಕೊಂಡು ತಾನೂ ಮೇಲೆದ್ದರೆ ಕುಣಿಕೆ ಅರಳುವುದೇ ಇಲ್ಲ. ಆದ್ದರಿಂದ ಫೂಟಿನ ಒತ್ತಡ ತುಸು ಹೆಚ್ಚಿಸಿ, ಚರ್ಮ ಹೊಲಿಯುವ ಮೊನೆಯ ಹೊಸ ಸೂಜಿ ಹಾಕಿ. 138 ನಂಬರಿನ ನೈಲಾನ್ ದಾರಕ್ಕೆ ನಿಮ್ಮ 18ರ ಸೂಜಿ ತೀರಾ ಸಣ್ಣದು, 22 ಬೇಕು.

ತೂತು ದೊಡ್ಡದಾಗುತ್ತದೆ ಎನ್ನುವಿರಿ. ಆಗಲಿ, ದಾರದ ಗಂಟು ಚರ್ಮದೊಳಗೆ ಅಡಗಲು ಅಷ್ಟು ಜಾಗ ಬೇಕೇ ಬೇಕು. ತುಸು ಸರಿದ ಟೈಮಿಂಗ್ ದಪ್ಪದಲ್ಲಿ ಮಾತ್ರ ಕೈಕೊಡಬಹುದಲ್ಲ ಎಂದರೆ, ಅದೂ ನಿಜ. ಆದರೆ ಸೂಜಿ ಬದಲಿಸಲು ಎರಡು ನಿಮಿಷ ಸಾಕು. ಹುಕ್ಕಿನ ಸ್ಕ್ರೂ ಒಮ್ಮೆ ಸಡಿಲಿಸಿದರೆ ಹಳೆಯ ಜಾಗ ಹುಡುಕುವುದರಲ್ಲೇ ದಿನ ಕಳೆದೀತು. ಇಷ್ಟಾದರೂ ಹಾರಿದರೆ ಪ್ಲೇಟ್ ಬಿಚ್ಚಿ, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಹುಕ್ಕಿನ ಮೊನೆ ಸೂಜಿಯ ಕಣ್ಣಿಗಿಂತ ತುಸು ಮೇಲೆ ಹಾಯುತ್ತದೆಯೇ ನೋಡಿ.