ಲಕ್ಕಿ ಸೊಪ್ಪು ಬಾವು ಇಳಿಸುತ್ತದೆಯೇ? ಪರೀಕ್ಷಿಸುವ ಬಗೆ

ಮಂಡಿ ಊದಿಕೊಂಡರೆ ಲಕ್ಕಿ ಸೊಪ್ಪನ್ನು ಬಾಡಿಸಿ, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಕಟ್ಟುವುದು ನಮ್ಮಲ್ಲಿ ಹಳೆಯ ರೂಢಿ. ಬಾವು ಇಳಿಯುತ್ತದೆ ನಿಜ. ಆದರೆ ಇಳಿಸಿದ್ದು ಸೊಪ್ಪೋ, ಅದರ ಶಾಖವೋ, ಕಾಲಿಗೆ ಸಿಕ್ಕ ವಿಶ್ರಾಂತಿಯೋ? ಏನೂ ಮಾಡದಿದ್ದರೂ ಎಷ್ಟೋ ಬಾವುಗಳು ತಾವಾಗಿಯೇ ಇಳಿಯುತ್ತವೆ. ಇವನ್ನು ಬೇರ್ಪಡಿಸಿ ನೋಡುವುದೇ ಪರೀಕ್ಷೆಯ ಕೆಲಸ.

ಮೊದಲು ಗಿಡದ ಗುರುತು. ಒಂದೇ ಹೆಸರಿಗೆ ಊರೂರಲ್ಲಿ ಬೇರೆ ಬೇರೆ ಗಿಡ ತೋರಿಸುವುದುಂಟು. ಹಾಗಾಗಿ ಹೂ, ಎಲೆ ಸಮೇತ ರೆಂಬೆಯೊಂದನ್ನು ಸಸ್ಯತಜ್ಞರಿಗೆ ತೋರಿಸಿ, ಇದು ವೈಟೆಕ್ಸ್ ನೆಗುಂಡೊ (ಲಕ್ಕಿಯ ವೈಜ್ಞಾನಿಕ ಹೆಸರು) ಹೌದೆಂದು ಖಚಿತಪಡಿಸಿಕೊಳ್ಳಬೇಕು. ಒಣಗಿಸಿದ ಮಾದರಿಯನ್ನು ನಂಬರು ಹಾಕಿ ಹರ್ಬೇರಿಯಂನಲ್ಲಿ, ಅಂದರೆ ಒಣಸಸ್ಯಗಳ ಸಂಗ್ರಹದಲ್ಲಿ, ಇಡುತ್ತಾರೆ. ಆಮೇಲೆ ಸೊಪ್ಪಿನ ಸಾರ ತೆಗೆಯುವುದು. ನೀರಿಗೆ ಬಿಡದ ಅಂಶ ಮದ್ಯಸಾರಕ್ಕೆ ಬಿಡಬಹುದು. ಎರಡೂ ಸಾರಗಳು ಒಂದೇ ಅಲ್ಲ.

ಇನ್ನು ಅಳತೆ. 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಕೆಂಪು ಕಡಲಪಾಚಿಯಿಂದ ಬರುವ ಕ್ಯಾರಜೀನನ್‌ನ ಶೇ. 1ರ ದ್ರಾವಣವನ್ನು ಇಲಿಯ ಹಿಂಗಾಲಿನ ಪಾದಕ್ಕೆ 0.1 ಮಿಲಿ ಚುಚ್ಚಿದರೆ ಪಾದ ಊದುತ್ತದೆ. ಅದನ್ನು ದ್ರವ ತುಂಬಿದ ಕೊಳವೆಯಲ್ಲಿ ಗುರುತು ಹಾಕಿದಷ್ಟೇ ಅದ್ದಿ, ಎಷ್ಟು ದ್ರವ ಮೇಲೇರಿತೆಂದು ಗಂಟೆಗೊಮ್ಮೆ ನೋಡುತ್ತಾರೆ. ಮೊದಲ ಗಂಟೆಯ ಊತಕ್ಕೆ ಮುಖ್ಯವಾಗಿ ದೇಹವೇ ಬಿಡುಗಡೆ ಮಾಡುವ ಹಿಸ್ಟಮಿನ್, ಸೆರೊಟೋನಿನ್ ಎಂಬ ರಾಸಾಯನಿಕಗಳು ಕಾರಣ. ಮೂರನೆಯ ಗಂಟೆಯ ಹೊತ್ತಿಗೆ ಪ್ರೊಸ್ಟಗ್ಲಾಂಡಿನ್ ಎಂಬ ಇನ್ನೊಂದು ಬಗೆಯ ರಾಸಾಯನಿಕಗಳ ಪಾತ್ರ ದೊಡ್ಡದಾಗುತ್ತದೆ. ಯಾವ ಗಂಟೆಯಲ್ಲಿ ಊತ ತಗ್ಗಿತು ಎಂಬುದರಿಂದ ಸಾರ ಎಲ್ಲಿ ಕೆಲಸ ಮಾಡುತ್ತಿರಬಹುದೆಂದು ಊಹಿಸಬಹುದು.

ಇಲ್ಲಿ ಗುಂಪುಗಳೇ ಜೀವಾಳ. ಚುಚ್ಚುವ ಮೊದಲೇ ಇಲಿಗಳ ಒಂದು ಗುಂಪಿಗೆ ಬರೀ ನೀರು, ಇನ್ನೊಂದಕ್ಕೆ ಬಾವು ಇಳಿಸುವ ಇಂಡೊಮೆಥಸಿನ್‌ನಂಥ ಪರಿಚಿತ ಔಷಧ, ಉಳಿದವಕ್ಕೆ ಬೇರೆ ಬೇರೆ ಪ್ರಮಾಣದ ಸಾರ ಕುಡಿಸುತ್ತಾರೆ. ನೀರಿನ ಗುಂಪಿನ ಊತ ಸರಾಸರಿ 0.60 ಮಿಲಿ, ಸಾರದ ಗುಂಪಿನದು 0.36 ಮಿಲಿ ಎಂದಿಟ್ಟುಕೊಳ್ಳಿ. ವ್ಯತ್ಯಾಸ 0.24, ಅಂದರೆ 0.60ರಲ್ಲಿ ಶೇ. 40ರಷ್ಟು ತಡೆ. ಅಳೆಯುವವರಿಗೆ ಯಾವ ಇಲಿ ಯಾವ ಗುಂಪಿನದೆಂದು ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ ಕಡೆಗೇ ವಾಲುತ್ತದೆ. ನಮ್ಮ ದೇಶದಲ್ಲಿ ಇಂಥ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು.

ಲಕ್ಕಿ ಎಲೆಯ ನೀರಿನ ಸಾರ ಇಲಿಗಳಲ್ಲಿ ಈ ಊತವನ್ನು ತಗ್ಗಿಸಿತೆಂದು ಶ್ರೀಲಂಕಾದ ಸಂಶೋಧಕರು 2003ರಲ್ಲಿ ವರದಿ ಮಾಡಿದ್ದಾರೆ. ಆದರೆ ಇಲಿ ಸಾರವನ್ನು ಕುಡಿದಿತ್ತು. ನಾವು ಸೊಪ್ಪನ್ನು ಮೇಲೆ ಕಟ್ಟುತ್ತೇವೆ. ಕಟ್ಟಿದ ಸೊಪ್ಪಿನ ಗುಣ ತಿಳಿಯಬೇಕಾದರೆ ಮನುಷ್ಯರಲ್ಲೇ, ಕೆಲವರಿಗೆ ಲಕ್ಕಿ, ಕೆಲವರಿಗೆ ಅಷ್ಟೇ ಬಿಸಿಯ ಬೇರೆ ಸೊಪ್ಪು ಕಟ್ಟಿ ನೋಡಬೇಕು. ಕುಡಿಯುವ ಔಷಧವಾಗಬೇಕಾದರೆ ಯಕೃತ್ತು, ಮೂತ್ರಪಿಂಡಗಳಿಗೆ ಹಾನಿಯಿಲ್ಲವೆಂದೂ ತೋರಿಸಬೇಕು.

ಮುಂದೆ ಯಾವುದಾದರೂ ಗಿಡ ‘ಬಾವನ್ನು ಶೇ. 40 ತಗ್ಗಿಸಿತು’ ಎಂಬ ಸುದ್ದಿ ಓದಿದರೆ, ಯಾವುದಕ್ಕೆ ಹೋಲಿಸಿ ಎಂದು ಮೊದಲು ಹುಡುಕಿ. ಹೋಲಿಕೆಯ ಗುಂಪೇ ಇಲ್ಲದಿದ್ದರೆ ಆ ಅಂಕಿಗೆ ಅರ್ಥವಿಲ್ಲ.