ದೃಷ್ಟಿ ಬದಲಾದರೆ ಬಡ್ಡಿ ನಿಲ್ಲುತ್ತದೆಯೇ?

ಪ್ರಶ್ನೆ: ಬಟ್ಟೆ ಅಂಗಡಿ ಮುಚ್ಚಿ ಎಂಟು ತಿಂಗಳಾಯಿತು. ವಯಸ್ಸು ನಲವತ್ತೆರಡು, ತಲೆ ಮೇಲೆ ಸಾಲ. ಸಿಕ್ಕವರೆಲ್ಲ ‘ನೋಡುವ ದೃಷ್ಟಿ ಬದಲಿಸಿಕೋ, ಬದುಕು ತಾನಾಗೇ ಬದಲಾಗುತ್ತೆ’ ಅನ್ನುತ್ತಾರೆ. ಬೆಳಗಾದರೆ ಮೊಬೈಲಿಗೆ ಅಂಥವೇ ವಿಡಿಯೊಗಳು. ಈ ಮಾತಿನಲ್ಲಿ ನಿಜವೆಷ್ಟು?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಬಡ್ಡಿ ನಿಲ್ಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ನನಗೂ ಸಮಾಧಾನ. ಕಷ್ಟದಲ್ಲಿರುವವರಿಗೆ ಹೊಟ್ಟೆ ತುಂಬಿದವರು ಹೇಳುವ ‘ದೃಷ್ಟಿ’ಯ ಮಾತು ಕೇಳಿ ನನಗೂ ರೇಗುತ್ತದೆ. ಹಾಗೆಂದು ಆ ಮಾತು ಪೂರ್ತಿ ಸುಳ್ಳೆಂದು ಹೇಳಲೂ ಬಾಯಿ ಬರುವುದಿಲ್ಲ. ಕಾರಣ ನಿಮ್ಮ ಜಿಲ್ಲೆಯಲ್ಲೇ ಇದೆ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯ ಎಂಬ ಹುಡುಗ ಹುಟ್ಟಿದ. ಕಣ್ಣು ಕಾಣುತ್ತಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಅಷ್ಟೇ. ಆ ಕಾಲದ ಹಳ್ಳಿಯಲ್ಲಿ ಬಡವರ ಮನೆಯ ಇಬ್ಬರು ಕುರುಡು ಗಂಡುಮಕ್ಕಳ ಮುಂದೆ ಏನಿತ್ತು? ಗುಡಿಯ ಕಟ್ಟೆ, ಕೈಯಲ್ಲೊಂದು ತಟ್ಟೆ. ಊರು ಅವರ ಹಣೆಬರಹವನ್ನು ಅಷ್ಟಕ್ಕೇ ಬರೆದು ಮುಗಿಸಿತ್ತು. ಈ ಹುಡುಗರು ಹಾಡುತ್ತಿದ್ದರು. ಕೇಳಿದವರು ‘ಪಾಪ’ ಎಂದಿರಬೇಕು. ‘ಪಾಪ’ ಎಂದು ಸುಮ್ಮನಾಗದೆ ಆ ದನಿಯನ್ನು ದನಿಯಾಗಿ ಕೇಳಿಸಿಕೊಂಡವರು ಹಾನಗಲ್ಲ ಕುಮಾರಸ್ವಾಮಿಗಳು, ಮುಂದೆ 1909ರಲ್ಲಿ ಬಾದಾಮಿ ಬಳಿ ಶಿವಯೋಗಮಂದಿರ ಕಟ್ಟಿದವರು. ಅವರು ಹುಡುಗರಿಗೆ ಆಶೀರ್ವಾದ ಮಾಡಿ ಕಳಿಸಲಿಲ್ಲ. ಜೊತೆಗೆ ಕರೆದುಕೊಂಡು ಹೋಗಿ ಸಂಗೀತಕ್ಕೆ ಹಾಕಿದರು.

ಇಲ್ಲಿ ಮೊದಲು ಬದಲಾದ ದೃಷ್ಟಿ ಯಾರದು, ಗಮನಿಸಿ. ಕಷ್ಟದಲ್ಲಿದ್ದವನದಲ್ಲ, ಪಕ್ಕದಲ್ಲಿ ನಿಂತವರದು. ನಿಮಗೆ ವಿಡಿಯೊ ಕಳಿಸುವವರು ಮರೆಯುವುದು ಇದನ್ನೇ.

ಗದಿಗೆಯ್ಯ ಕರ್ನಾಟಕ ಸಂಗೀತ ಕಲಿತ. ಆಮೇಲೆ ನೀಲಕಂಠ ಬುವಾ ಅವರ ಮುಂದೆ ಕೂತು ಹಿಂದೂಸ್ತಾನಿ ಕಲಿತ. ಇದು ಒಂದು ಸಾಲಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಕಣ್ಣಿದ್ದವನು ಮರೆತರೆ ಪುಸ್ತಕ ತೆರೆಯಬಹುದು. ಇವನಿಗೆ ಗುರುವಿನ ಬಾಯಿಂದ ಬಂದದ್ದು ಕಿವಿಯಲ್ಲಿ ನಿಂತರೆ ಉಂಟು, ಇಲ್ಲವಾದರೆ ಇಲ್ಲ. ಒಂದೇ ಪಲ್ಟಾ, ಅಂದರೆ ಒಂದೇ ಸ್ವರಾಭ್ಯಾಸ, ನೂರು ಸಲ, ಬೇಸರವಾದರೂ ನೂರಾ ಒಂದನೆಯ ಸಲ. ಹೀಗೆ ವರ್ಷಗಳು ಕಳೆದ ಮೇಲೆ ಅವನು ಪಂಚಾಕ್ಷರಿ ಗವಾಯಿಗಳಾದ. ಎರಡೂ ಪದ್ಧತಿ ಬಲ್ಲವರೆಂದು ನಾಡು ‘ಉಭಯ ಗಾನ ವಿಶಾರದ’ ಎಂದಿತು. ಕಣ್ಣು ಮಾತ್ರ ಕೊನೆಯವರೆಗೂ ಬರಲಿಲ್ಲ. 1995ರಲ್ಲಿ ಬಂದ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಸಿನಿಮಾ ನೀವೂ ನೋಡಿರಬಹುದು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಹಾಡಿರುವ ಸಿನಿಮಾ ಅದು. ಸಿನಿಮಾದಲ್ಲಿ ವರ್ಷಗಳು ಹಾಡಿನೊಳಗೆ ಕಳೆದುಹೋಗುತ್ತವೆ. ಗವಾಯಿಗಳಿಗೆ ಹಾಗೆ ಕಳೆಯಲಿಲ್ಲ.

ಕಲಿತವರು ಕಚೇರಿ ಮಾಡಿಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಹಾಗೆ ಮಾಡದೆ ತಮ್ಮಂಥ ಹುಡುಗರನ್ನು ಕೂಡಿಸಿಕೊಂಡರು. ಅವರಿಗೆಲ್ಲ ಊಟ ಎಲ್ಲಿಂದ? ನಾಟಕ ಕಂಪನಿ ಕಟ್ಟಿದರು, ಊರೂರು ತಿರುಗಿದರು. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆ ನಿಂತಿತು. ಹಾನಗಲ್ಲ ತಾಲ್ಲೂಕಿನಿಂದಲೇ ಬಂದಿದ್ದ, ಎಳವೆಯಲ್ಲೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜರು ಗವಾಯಿಗಳ ಶಿಷ್ಯರಾಗಿದ್ದರು. 1944ರಲ್ಲಿ ಗುರು ತೀರಿಕೊಂಡಾಗ ಅವರಿಗೆ ಮೂವತ್ತು ವರ್ಷ. ಆಶ್ರಮದ ಭಾರ ಆ ಹೆಗಲಿಗೆ ಬಂತು. ಮುಂದೆ ಭಕ್ತರು ಅವರಿಗೆ ಮಾಡಿದ ತುಲಾಭಾರಗಳಿಗೆ ಲೆಕ್ಕವಿಲ್ಲ. ಬಂದ ಹಣವೆಲ್ಲ ಮಕ್ಕಳ ಅನ್ನಕ್ಕೆ, ಪಾಠಕ್ಕೆ. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಹೋದರು. ಅಲ್ಲಿ ಕಲಿತವರೆಲ್ಲ ಕಣ್ಣಿಲ್ಲದವರೇ ಅಲ್ಲ. ಇವತ್ತು ನೀವು ಕೇಳುವ ಪಂಡಿತ ಎಂ. ವೆಂಕಟೇಶ ಕುಮಾರ್ ಹುಡುಗನಾಗಿ ಸೇರಿ ವರ್ಷಗಟ್ಟಲೆ ಅಲ್ಲೇ ಇದ್ದು ಕಲಿತವರು.

ಇದನ್ನೆಲ್ಲ ನಿಮ್ಮ ಅಂಗಡಿಯ ಜೊತೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ‘ಹೋದದ್ದು ಯಾಕೆ ಹೋಯಿತು’ ಎಂಬ ಪ್ರಶ್ನೆ ಗವಾಯಿಗಳನ್ನೂ ಕಾಡಿರಲೇಬೇಕು, ಅವರೂ ಮನುಷ್ಯರೇ. ಬದುಕು ನಡೆದದ್ದು ‘ಉಳಿದಿರುವುದು ಏನು’ ಎಂಬ ಇನ್ನೊಂದು ಪ್ರಶ್ನೆಯ ಮೇಲೆ. ಅವರಿಗೆ ಕಿವಿ, ಕಂಠ ಉಳಿದಿದ್ದವು. ನಿಮಗೆ ಉಳಿದಿರುವುದು ಕಡಿಮೆಯೇನಲ್ಲ. ಬಟ್ಟೆ ಮುಟ್ಟಿದರೆ ದರ ಹೇಳುವ ಬೆರಳು, ಯಾವ ಗಿರಾಕಿ ಉದ್ರಿ ತೀರಿಸುತ್ತಾನೆ ಯಾರು ತೀರಿಸುವುದಿಲ್ಲ ಎಂದು ಅಳೆಯುವ ಕಣ್ಣು, ಹಬ್ಬದ ಮುಂಚೆ ಎಷ್ಟು ಮಾಲು ತರಿಸಬೇಕೆಂಬ ಅಂದಾಜು. ಮುಚ್ಚಿದ್ದು ಅಂಗಡಿ, ಇವಲ್ಲ. ಇನ್ನೊಬ್ಬರ ಅಂಗಡಿಯಲ್ಲಿ ಸಂಬಳಕ್ಕೆ ನಿಲ್ಲುವುದು ಅವಮಾನ ಎಂದು ಅನ್ನಿಸುತ್ತಿದ್ದರೆ, ಬದಲಾಗಬೇಕಾದ ದೃಷ್ಟಿ ಅದೊಂದೇ. ಉಳಿದದ್ದು ಲೆಕ್ಕದ ವಿಷಯ. ಸಾಲ ಕೊಟ್ಟವರಿಂದ ಮುಖ ತಪ್ಪಿಸಿಕೊಳ್ಳಬೇಡಿ. ನೀವೇ ಹೋಗಿ ಕಂತು ಕಡಿಮೆ ಮಾಡಿ, ಅವಧಿ ಹೆಚ್ಚಿಸಿ ಎಂದು ಕೇಳಿ. ತಾನೇ ಬಂದು ಕೇಳುವವನಿಗೂ ಕದ ಹಾಕಿಕೊಂಡವನಿಗೂ ಬ್ಯಾಂಕಿನವರು ಒಂದೇ ಥರ ಮಾತಾಡುವುದಿಲ್ಲ.

ರಾತ್ರಿ ನಿದ್ದೆ ಬಾರದೆ, ‘ಇನ್ನು ಇದ್ದೇನು ಪ್ರಯೋಜನ’ ಎಂಬಂಥ ಯೋಚನೆ ಬರುತ್ತಿದ್ದರೆ ಅದು ದೃಷ್ಟಿಯ ದೋಷವಲ್ಲ, ಅದಕ್ಕೆ ಔಷಧವಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಾವೇರಿಯಿಂದ ಗದಗ ದೂರವೇನಲ್ಲ. ಒಂದು ದಿನ ಬಿಡುವು ಮಾಡಿಕೊಂಡು ಆಶ್ರಮಕ್ಕೆ ಹೋಗಿ ಬನ್ನಿ, ಮಕ್ಕಳ ಪಾಠ ನಡೆಯುತ್ತಿದ್ದರೆ ಒಂದಿಷ್ಟು ಹೊತ್ತು ಕೂತು ಕೇಳಿ. ಮರುದಿನ ಪೇಟೆಯ ನಾಲ್ಕು ಬಟ್ಟೆ ಅಂಗಡಿಗಳಲ್ಲಿ ಕೆಲಸ ಕೇಳಿ. ಏನಾಯಿತೆಂದು ನಮಗೊಂದು ಕಾರ್ಡು ಹಾಕಿ.